ಮ್ಯಾಂಟಿಡ್: ಮಾಸ್ಕ್ ಹಾಕಿದ್ರೂ ಒಂದು ಕೆಟ್ಟ ಸ್ಪೆಕ್ಟ್ರಮ್ ಹಾಗೇ ಉಳಿಯುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಐಸಿಸ್‌ ನ್ಯೂಟ್ರಾನ್ ಪ್ರಯೋಗ ಕೇಂದ್ರದಲ್ಲಿ ತೆಗೆದ ಡೇಟಾವನ್ನು ಮ್ಯಾಂಟಿಡ್ ಎಂಬ ವಿಶ್ಲೇಷಣೆಯ ಸಾಫ್ಟ್‌ವೇರ್‌ನಲ್ಲಿ ನೋಡುತ್ತಿದ್ದೇನೆ. ನ್ಯೂಟ್ರಾನ್ ಎಣಿಸುವ ಒಂದು ಹೀಲಿಯಂ-3 ಟ್ಯೂಬಿನ ತುದಿಯಲ್ಲಿ ಕೌಂಟ್ಸ್ ಸಿಕ್ಕಾಪಟ್ಟೆ ಜಾಸ್ತಿ. ಆ ಭಾಗದ ಸ್ಪೆಕ್ಟ್ರಮ್ (ಡಿಟೆಕ್ಟರಿನ ಒಂದೊಂದು ಭಾಗದ ಕೌಂಟ್ಸ್ ಸಾಲು) ನಂಬರ್ 411ರಿಂದ 418. ಇವನ್ನು ಮಾಸ್ಕ್ ಮಾಡಲು, ಅಂದರೆ ಲೆಕ್ಕಕ್ಕೆ ಬಾರದಂತೆ ಮುಚ್ಚಲು ಹೊರಟೆ. ಮಾಸ್ಕ್‌ಡಿಟೆಕ್ಟರ್ಸ್‌ನ ವರ್ಕ್‌ಸ್ಪೇಸ್‌ಇಂಡೆಕ್ಸ್‌ಲಿಸ್ಟ್‌ನಲ್ಲಿ ಅದನ್ನೇ ಬರೆದೆ. ಈಗ 411 ಹಾಗೇ ಇದೆ, ಚೆನ್ನಾಗಿದ್ದ 419 ಸೊನ್ನೆಯಾಗಿದೆ! ಜೊತೆಗೆ ನಂಪೈನಲ್ಲಿ (ಪೈಥಾನ್‌ನ ಲೆಕ್ಕದ ಲೈಬ್ರರಿ) ಸರಾಸರಿ ತೆಗೆದರೆ ತೀರಾ ಕಡಿಮೆ ಬರುತ್ತಿದೆ. ಏನು ಮಾಡಲಿ?

ಉತ್ತರ 1:
ಇಂಡೆಕ್ಸ್ ಅಂದರೆ ಲೋಡ್ ಆದ ಡೇಟಾದಲ್ಲಿ ಸಾಲಿನ ಕ್ರಮಸಂಖ್ಯೆ. ಅದು ಸೊನ್ನೆಯಿಂದ ಶುರು, ಸ್ಪೆಕ್ಟ್ರಮ್ ನಂಬರ್ ಸಾಮಾನ್ಯವಾಗಿ 1ರಿಂದ. ಹಾಗಾಗಿ 412ರಿಂದ 419 ಮುಚ್ಚಿಹೋಗಿವೆ. ಹಾಗಂತ ಯಾವಾಗಲೂ ಒಂದು ಕಳೆದುಬಿಡಬೇಡಿ. ಫೈಲಿನ ಒಂದು ಭಾಗವನ್ನಷ್ಟೇ ಲೋಡ್ ಮಾಡಿದ್ದರೆ ಆ ಲೆಕ್ಕ ಕೈಕೊಡುತ್ತದೆ. ಸ್ಪೆಕ್ಟ್ರಾಲಿಸ್ಟ್‌ನಲ್ಲೇ 411-418 ಕೊಡಿ.

ಅದಕ್ಕೂ ಮೊದಲು ಫೈಲನ್ನು ಮತ್ತೆ ಲೋಡ್ ಮಾಡಿ. ಮಾಸ್ಕ್ ಹಾಕಿದಾಗ ಆ ಸ್ಪೆಕ್ಟ್ರಮ್‌ನ ಕೌಂಟ್ಸೇ ಅಳಿಸಿಹೋಗುತ್ತವೆ. ಕ್ಲಿಯರ್‌ಮಾಸ್ಕ್‌ಫ್ಲಾಗ್ ಗುರುತನ್ನಷ್ಟೇ ತೆಗೆಯುತ್ತದೆ, 419ರ ಡೇಟಾ ವಾಪಸ್ ಬರುವುದಿಲ್ಲ.

ಸರಾಸರಿ ಕುಸಿದಿದ್ದಕ್ಕೂ ಇದೇ ಕಾರಣ ಅಲ್ವಾ? ನಂಪೈಗೆ ಮಾಸ್ಕ್ ಅಂದರೆ ಏನೂ ಗೊತ್ತಿಲ್ಲ, ಆ ಸೊನ್ನೆಗಳನ್ನೂ ಸೇರಿಸಿ ಭಾಗಿಸುತ್ತದೆ. ಸಮ್‌ಸ್ಪೆಕ್ಟ್ರಾ ಬಳಸಿ, ಮಾಸ್ಕ್ ಆದವನ್ನು ಅದು ಬಿಟ್ಟೇ ಕೂಡುತ್ತದೆ. ಎಷ್ಟರಿಂದ ಭಾಗಿಸಬೇಕು ಎನ್ನುವುದಕ್ಕೆ ಸ್ಪೆಕ್ಟ್ರಮ್‌ಇನ್ಫೋದ ಈಸ್‌ಮಾಸ್ಕ್ಡ್ ನೋಡಿ ಎಣಿಸಿ. ಇಲ್ಲವೇ ರಿಮೂವ್‌ಮಾಸ್ಕ್ಡ್‌ಸ್ಪೆಕ್ಟ್ರಾ ಓಡಿಸಿ ಅವನ್ನು ಕಿತ್ತುಹಾಕಿ. ಆಮೇಲೆ ಇಂಡೆಕ್ಸ್‌ಗಳು ಮತ್ತೆ ಜರುಗುತ್ತವೆ, ನೆನಪಿರಲಿ.

ಉತ್ತರ 2:
ಮೇಲಿನದು ಸರಿ. ಒಂದು ಮಾತು ಸೇರಿಸುತ್ತೇನೆ. ಕೈಯಲ್ಲಿ ನಂಬರ್ ಹುಡುಕುವ ಬದಲು, ಕೌಂಟ್ಸ್ ಮಿತಿ ದಾಟಿದ ಡಿಟೆಕ್ಟರ್‌ಗಳನ್ನು ಗುರುತಿಸುವ ಫೈಂಡ್‌ಡಿಟೆಕ್ಟರ್ಸ್‌ಔಟ್‌ಸೈಡ್‌ಲಿಮಿಟ್ಸ್ ಬಳಸಬಹುದು. ಆದರೆ ಅದನ್ನು ವೆನೇಡಿಯಂ ರನ್ (ವೆನೇಡಿಯಂ ಲೋಹ ಇಟ್ಟು ತೆಗೆದ ಅಳತೆ) ಮೇಲೆ ಓಡಿಸಿ. ವೆನೇಡಿಯಂ ನ್ಯೂಟ್ರಾನ್‌ಗಳನ್ನು ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಸಮ ಚೆದುರಿಸುತ್ತದೆ. ಹಾಗಾಗಿ ಎದ್ದು ಕಾಣುವುದು ಡಿಟೆಕ್ಟರಿನ ಹುಳುಕೇ ಇರುತ್ತದೆ. ಸ್ಯಾಂಪಲ್ ಡೇಟಾ ಮೇಲೆ ಮೇಲ್ಮಿತಿ ಹಾಕಿದರೆ ಬ್ರ್ಯಾಗ್ ಪೀಕ್ (ಹರಳಿನ ರಚನೆಯಿಂದ ಬರುವ ನಿಜವಾದ ಏರಿಕೆ) ಕೂಡ "ಕೆಟ್ಟದ್ದು" ಎಂದು ಹೋಗಿಬಿಡುತ್ತದೆ. ಹುಡುಕುತ್ತಿದ್ದುದು ಅದನ್ನೇ ಆಗಿದ್ದರೆ?

ಪ್ರಶ್ನೆ ಕೇಳಿದವರು:
ಸ್ಪೆಕ್ಟ್ರಾಲಿಸ್ಟ್ ಕೆಲಸ ಮಾಡಿತು, ಫೈಲ್ ಮತ್ತೆ ಲೋಡ್ ಮಾಡಿದ್ದರಿಂದ 419 ವಾಪಸ್ ಬಂತು. ಇದೇ ಮಾಸ್ಕ್ ಮುಂದಿನ ರನ್‌ಗಳಿಗೂ ಹಾಕಬಹುದಾ?

ಉತ್ತರ 2:
ಹಾಕಬಹುದು. ಎಕ್ಸ್‌ಟ್ರಾಕ್ಟ್‌ಮಾಸ್ಕ್ ಮಾಡಿ ಸೇವ್‌ಮಾಸ್ಕ್‌ನಿಂದ ಎಕ್ಸ್‌ಎಂಎಲ್ ಫೈಲ್ ಇಟ್ಟುಕೊಳ್ಳಿ. ಅದರಲ್ಲಿ ಇರುವುದು ಡಿಟೆಕ್ಟರ್ ಐಡಿ. ಹೊಸ ರನ್ನಿನಲ್ಲಿ ಸ್ಪೆಕ್ಟ್ರಮ್ ನಂಬರ್‌ಗಳ ಜೋಡಣೆ ಬದಲಾದರೂ ಅದೇ ಪಿಕ್ಸೆಲ್ ಮುಚ್ಚುತ್ತದೆ. ಆದರೂ ಒಮ್ಮೆ ಇನ್‌ಸ್ಟ್ರುಮೆಂಟ್ ವ್ಯೂನಲ್ಲಿ ತೆರೆದು ನೋಡಿ, ಟ್ಯೂಬ್ ಬದಲಿಸಿದ್ದರೆ ಹಳೇ ಮಾಸ್ಕ್ ಸುಮ್ನೆ ಒಳ್ಳೇ ಡೇಟಾ ತಿನ್ನುತ್ತದೆ.