ಸಹಾಯ ಬೇಕು: ಟಿಮಕ್ಸ್ ಒಳಗೆ ಅಲೆಗೆರೆಯ ಬಣ್ಣ ಬರುತ್ತಿಲ್ಲ

ಸೆಟಪ್: ಕಿಟ್ಟಿ ಟರ್ಮಿನಲ್, ಅದರೊಳಗೆ ಟಿಮಕ್ಸ್ 3.4 (ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸುವ ಪ್ರೋಗ್ರಾಂ), ಅದರೊಳಗೆ ನಿಯೋವಿಮ್ (ಪಠ್ಯ ಸಂಪಾದಕ). ಟಿಮಕ್ಸ್ ಇಲ್ಲದಿದ್ದರೆ ಕಾಗುಣಿತ ತಪ್ಪಿನ ಕೆಳಗೆ ಕೆಂಪು ಅಲೆಗೆರೆ ಸರಿಯಾಗಿ ಬರುತ್ತದೆ. ಟಿಮಕ್ಸ್ ಒಳಗೆ ಅಲೆ ಬರುತ್ತದೆ, ಆದರೆ ಅಕ್ಷರದ ಬಣ್ಣದಲ್ಲೇ.

ನಿಯೋವಿಮ್ ಬಿಟ್ಟು ಬರೀ ಪ್ರಿಂಟ್‌ಎಫ್‌ನಿಂದ 4:3 (ಅಲೆ), 58:2::255:0:0 (ಅಡಿಗೆರೆಗೆ ಕೆಂಪು) ಎಂಬ ಶೈಲಿ ಸಂಕೇತಗಳನ್ನು ಕಳಿಸಿದರೂ ಇದೇ ಫಲಿತಾಂಶ. ಹಾಗಾಗಿ ತೊಂದರೆ ಟಿಮಕ್ಸ್ ಮಟ್ಟದಲ್ಲೇ ಇದೆ. ನೀವು ಪರೀಕ್ಷಿಸುವಾಗ ಕೋಲನ್ ಬದಲು ಸೆಮಿಕೋಲನ್ ಹಾಕಬೇಡಿ: 4;3 ಅಂದರೆ ಅಡಿಗೆರೆ ಜೊತೆ ಇಟಾಲಿಕ್. 58 ಗೊತ್ತಿಲ್ಲದ ಟರ್ಮಿನಲ್ ಸೆಮಿಕೋಲನ್ ಕಂಡರೆ ಮುಂದಿನ 2ನ್ನು ಮಂಕು ಅಕ್ಷರ ಎಂದೂ 0ಯನ್ನು ಎಲ್ಲ ರೀಸೆಟ್ ಎಂದೂ ಓದುತ್ತದೆ.

ಟಿಮಕ್ಸ್ ಒಳಗಿನ ಟರ್ಮ್ (ಟರ್ಮಿನಲ್ ಯಾವ ಬಗೆಯದೆಂದು ಹೇಳುವ ವೇರಿಯಬಲ್) ಮೌಲ್ಯ ಟಿಮಕ್ಸ್-256ಕಲರ್. ಟರ್ಮಿನಲ್-ಓವರ್‌ರೈಡ್ಸ್‌ನಲ್ಲಿ ಎಸ್‌ಎಂಯುಎಲ್‌ಎಕ್ಸ್ (ಅಡಿಗೆರೆಯ ಶೈಲಿ), ಸೆಟ್‌ಯುಎಲ್‌ಸಿ (ಅಡಿಗೆರೆಯ ಬಣ್ಣ) ಎರಡೂ ಇವೆ. ಆದರೂ ಟಿಮಕ್ಸ್ ಇನ್ಫೋದಲ್ಲಿ ಸೆಟ್‌ಯುಎಲ್‌ಸಿ ಎದುರು 'ಮಿಸ್ಸಿಂಗ್' ಎಂದೇ ಇದೆ. ಡಿಟ್ಯಾಚ್ ಮಾಡಿ, ಸರ್ವರ್ ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದರೂ ಬದಲಾಗಿಲ್ಲ.

ಅನುಮಾನ ಕೋಲನ್ ಮೇಲೆಯೇ. ಟರ್ಮಿನಲ್-ಓವರ್‌ರೈಡ್ಸ್ ಆಯ್ಕೆಯಲ್ಲಿ ಕೋಲನ್ ವಿಭಜಕ, ಆದ್ದರಿಂದ ಒಂದು ಕೋಲನ್‌ಗೆ ಎರಡು ಬರೆಯಬೇಕು. ಹಾಗಾದರೆ 58:2::255ರಲ್ಲಿ 2ರ ನಂತರದ ಖಾಲಿ ಜಾಗಕ್ಕೆ ನಾಲ್ಕು ಕೋಲನ್ ಬೇಕೇ, ಅಥವಾ ಆ ಖಾಲಿ ಜಾಗವನ್ನೇ ಬಿಟ್ಟರೆ ನಡೆಯುತ್ತದೆಯೇ? ಓವರ್‌ರೈಡ್ ಸಾಲುಗಳನ್ನೆಲ್ಲ ತೆಗೆದು, 3.2ರಿಂದ ಇರುವ ಟರ್ಮಿನಲ್-ಫೀಚರ್ಸ್‌ನ ಯುಎಸ್‌ಸ್ಟೈಲ್ (ಅಡಿಗೆರೆಯ ಶೈಲಿ, ಬಣ್ಣ ಎರಡಕ್ಕೂ) ಒಂದನ್ನೇ ಇಟ್ಟು ಬಣ್ಣ ಪಡೆದವರಿದ್ದರೆ ನಿಮ್ಮ ಸಾಲನ್ನು ಹಾಗೇ ಹಾಕಿ, ಹೊರಗಿನ ಟರ್ಮ್ ಮೌಲ್ಯವನ್ನೂ ತಿಳಿಸಿ.

ಇನ್ನೊಂದು: ಕನ್ನಡ ಪಠ್ಯದಲ್ಲಿ ಅಲೆ ಒತ್ತಕ್ಷರದ ಮೇಲೆ ಹರಿದು ಓದಲು ಕಷ್ಟ. ಕಿಟ್ಟಿಯ ಮಾಡಿಫೈ-ಫಾಂಟ್‌ನಲ್ಲಿ ಅಡಿಗೆರೆಯ ಸ್ಥಾನ ಎಷ್ಟು ಪಿಕ್ಸೆಲ್ ಇಳಿಸಿದ್ದೀರಿ, ಯಾವ ಫಾಂಟ್‌ಗೆ?