ಅಪ್‌ಡೇಟ್: ಪ್ರಾರ್ಥನೆ ಮಾಡಲು ಆಗುತ್ತಿಲ್ಲ ಎಂದಿದ್ದೆನಲ್ಲ

ಅವ್ವ ತೀರಿಕೊಂಡ ಮೇಲೆ ಪ್ರಾರ್ಥನೆಗೆ ಬಾಯೇ ಬರುತ್ತಿಲ್ಲ, ದೇವರು ನನ್ನನ್ನು ಪ್ರೀತಿಸುತ್ತಾನೆ ಅಂತ ಹೇಗೆ ನಂಬಲಿ ಎಂದು ಕಳೆದ ತಿಂಗಳು ಕೇಳಿದ್ದೆ. ಒಬ್ಬರು ‘ಬೈಬಲ್‌ನ ಕೀರ್ತನೆ 13 ಓದಿ, ಆರೇ ವಚನ’ ಎಂದಿದ್ದರು. ಅದು ಕೈ ಹಿಡಿಯಿತು.

ಮೊದಲ ಎರಡು ವಚನಗಳಲ್ಲೇ ‘ಎಲ್ಲಿಯವರೆಗೆ’ ಅನ್ನೋ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರ ಜೊತೆ ಹೀಗೆ ಜಗಳ ಆಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ! ಐದನೆಯದರಲ್ಲಿ ಕೀರ್ತನೆಗಾರ, ನಿನ್ನ ಪ್ರೀತಿಯನ್ನೇ ನಂಬಿದ್ದೇನೆ ಅನ್ನುತ್ತಾನೆ. ನಡುವೆ ಅವನ ಕಷ್ಟ ತೀರಿತು ಅಂತ ಎಲ್ಲೂ ಇಲ್ಲ. ನನಗೆ ಹಿಡಿಸಿದ್ದೇ ಅದು.

ನಂಬಿಕೆ ಇದ್ದವರು ಅಳಬಾರದು ಎಂದವರ ಮಾತು ಮಾತ್ರ ಒಪ್ಪಲಾರೆ. ಗೆಳೆಯ ಲಾಜರ ಸತ್ತಾಗ ಯೇಸುವೇ ಅತ್ತಿದ್ದ, ಅಲ್ವಾ?

ಈಗ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಕೆಲಸ ಮುಗಿಸಿ ಟಿಳಕವಾಡಿಯ ಮನೆಗೆ ನಡೆದು ಬರುವಾಗ ಸುಮ್ನೆ ಆ ಕೀರ್ತನೆಯನ್ನೇ ಹೇಳಿಕೊಳ್ಳುತ್ತೇನೆ. ಕೆಲವು ದಿನ ಪ್ರಶ್ನೆಗಳು ಮುಗಿಯುವಷ್ಟರಲ್ಲೇ ಮನೆ ಬಂದಿರುತ್ತದೆ. ಭಾನುವಾರ ಚರ್ಚಿಗೂ ಹೋದೆ, ಹಿಂದಿನ ಬೆಂಚಿನಲ್ಲಿ ಕೂತೆ. ಹಾಡಲು ಆಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಏನೂ ಕೇಳದೆ ತಮ್ಮ ಹಾಡಿನ ಪುಸ್ತಕವನ್ನು ನನ್ನ ಕಡೆಗೂ ಸರಿಸಿದರು.