ಹೌಸ್ ಸರ್ಜನ್ಸಿಯಲ್ಲಿ ಮನಸ್ಸು ಮರಗಟ್ಟಿದಾಗ ನೀವೆಲ್ಲ ಏನು ಮಾಡಿದಿರಿ?

ಬದಿಯಡ್ಕ ಕಡೆಯ ಹೌಸ್ ಸರ್ಜನ್ ಕೇಳಿದ್ದು:

ಎಂಬಿಬಿಎಸ್ ಓದು ಮುಗಿಸಿ ಆಸ್ಪತ್ರೆಯಲ್ಲಿ ಮಾಡುವ ಒಂದು ವರ್ಷದ ತರಬೇತಿ, ಅಂದರೆ ಹೌಸ್ ಸರ್ಜನ್ಸಿಗೆ ಸೇರಿ ನಾಲ್ಕು ತಿಂಗಳಾಯ್ತು. ಈಗ ಮೆಡಿಸಿನ್ ಪೋಸ್ಟಿಂಗ್. ಮೊನ್ನೆ ಬೆಳಗಿನ ಜಾವ ನಾಲ್ಕಕ್ಕೆ ಒಬ್ಬರು ಅಜ್ಜ ತೀರಿಕೊಂಡರು. ಐದು ದಿನದಿಂದ ಅವರ ಕೈ ಹಿಡಿದು ರಕ್ತ ತೆಗೆದವಳು ನಾನೇ. ಆಗ ನನ್ನ ತಲೆಗೆ ಮೊದಲು ಬಂದದ್ದು, "ಬೆಳಗ್ಗೆ ಒಂದು ಸ್ಯಾಂಪಲ್ ಕಡಿಮೆ ಆಯ್ತು" ಅಂತ. ರೂಮಿಗೆ ಬಂದು ಮಲಗಿದ ಮೇಲೆ ಹೆದರಿಕೆಯಾಯ್ತು. ನಾನು ಹೀಗಿರಲಿಲ್ಲ. ಅಮ್ಮ ಫೋನ್ ಮಾಡಿ "ಊಟ ಆಯ್ತಾ" ಅಂದರೂ ರೇಗುತ್ತೇನೆ. ಈ ದಾರಿಯಲ್ಲಿ ಮೊದಲೇ ನಡೆದವರು ನಿಮಗೇನಾಗಿತ್ತು ಅಂತ ಹೇಳ್ತೀರಾ? ಧ್ಯಾನ ಮಾಡು ಅಂತ ಮಾತ್ರ ಹೇಳಬೇಡಿ. ಅದಕ್ಕೆ ಪುರುಸೊತ್ತು ಇದ್ದಿದ್ದರೆ ಮಲಗ್ತಿದ್ದೆ.

ಮಂಜೇಶ್ವರ ತಾಲೂಕಿನ ಡಾಕ್ಟರಮ್ಮ, ಹನ್ನೊಂದು ವರ್ಷದ ಸರ್ವೀಸ್:

ತಂಗಿ, ನಿನ್ನ ಕೊನೆಯ ಸಾಲು ಓದಿ ನಗು ಬಂತು. ನಂತರ ನನ್ನದೇ ಒಂದು ಕಥೆ ನೆನಪಾಗಿ ನಗು ನಿಂತಿತು.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ಮಧ್ಯಾಹ್ನ ಪಿಜಿಗೆ (ಸ್ನಾತಕೋತ್ತರ ಓದುತ್ತಿರುವ ಸೀನಿಯರ್ ಡಾಕ್ಟರಿಗೆ) ಫೋನಿನಲ್ಲಿ ಹೇಳ್ತಾ ಇದ್ದೆ, "ಹದಿನಾಲ್ಕನೇ ಬೆಡ್ಡಿನ ಲಿವರ್ ಇವತ್ತು ಏನೂ ತಿಂದಿಲ್ಲ." ತಿರುಗಿದರೆ ಹಿಂದೆ ಆ ಲಿವರಿನ ಹೆಂಡತಿ, ಕೈಯಲ್ಲಿ ಗಂಜಿಯ ಪಾತ್ರೆ. ಜಗಳ ಮಾಡಲಿಲ್ಲ. ಮೆಲ್ಲಗೆ "ಆರೆಗ್ ಪುದರ್ ಉಂಡು ಡಾಕ್ಟ್ರೆ" ಅಂದರು. ಅವರಿಗೆ ಹೆಸರುಂಟು ಅಂತ. ಗಂಜಿಯ ಪಾತ್ರೆಯನ್ನು ಕಪಾಟಿನ ಮೇಲಿಟ್ಟು, ಚಮಚ ಒರೆಸಿ, ಗಂಡನನ್ನು ಎಬ್ಬಿಸಲು ಹೋದರು. ಆ ಹೊತ್ತಿಗೆ ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

ನಾನು ಕೆಟ್ಟವಳಾಗಿಬಿಟ್ಟೆ ಅಂತ ಒಂದು ವಾರ ಕೊರಗಿದೆ. ಆಮೇಲೆ ಲೆಕ್ಕ ಹಾಕಿದೆ. ಆ ಮಾತು ಆಡುವಾಗ ಎದ್ದು ಮೂವತ್ತೊಂದು ಗಂಟೆ ಆಗಿತ್ತು. ಹೊಟ್ಟೆಗೆ ಹೋದದ್ದು ಎರಡು ಕಟ್ಟನ್ ಚಾಯ (ಹಾಲಿಲ್ಲದ ಚಾ), ಒಂದು ಬಾಳೆಹಣ್ಣು. ಹಸಿದವರಿಗೆ, ನಿದ್ದೆಗೆಟ್ಟವರಿಗೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ, ಕೆಲಸ ಮಾತ್ರ ಕಾಣುತ್ತದೆ. ನಿನ್ನ ಸ್ಯಾಂಪಲ್ ಲೆಕ್ಕವೂ ಅದೇ. ಮನಸ್ಸು ಸತ್ತದ್ದಲ್ಲ ಮಾರಾಯ್ತಿ, ಬ್ಯಾಟರಿ ಇಳಿದದ್ದು.

ಹಾಗಾಗಿ ನಾನು ಮೊದಲು ಸರಿ ಮಾಡಿದ್ದು ಹೊಟ್ಟೆಯನ್ನು. ಕೋಟಿನ ಎಡ ಜೇಬಿನಲ್ಲಿ ನೆಲಗಡಲೆ ಚಿಕ್ಕಿ. ಜೊತೆಯ ಹೌಸ್ ಸರ್ಜನ್ ಹತ್ತಿರ ಒಂದು ಒಪ್ಪಂದ: ಒಬ್ಬರು ಉಣ್ಣುವಾಗ ಇನ್ನೊಬ್ಬರು ಎರಡೂ ಫೋನು ಹಿಡಿಯುವುದು, ಇಪ್ಪತ್ತು ನಿಮಿಷ. ಪಿಜಿ ಒಮ್ಮೆ ಬೈದರು. ಎರಡನೇ ವಾರ ಅವರೂ ಅದೇ ಒಪ್ಪಂದಕ್ಕೆ ಸೇರಿಕೊಂಡರು.

ಎರಡನೆಯದು ಸ್ಕೂಟರ್. ನೈಟ್ ಮುಗಿಸಿ ಮಂಗಳೂರಿನಿಂದ ಊರಿಗೆ ಬರುವಾಗ ತೊಕ್ಕೊಟ್ಟು ದಾಟಿ ಸ್ವಲ್ಪ ದೂರದಲ್ಲಿ ಕಣ್ಣು ಮುಚ್ಚಿಹೋಯ್ತು. ಚಕ್ರ ಜಲ್ಲಿಗೆ ಇಳಿದ ಸದ್ದಿಗೆ ಎಚ್ಚರ. ಹಿಂದೆ ಲಾರಿ ಇರಲಿಲ್ಲ, ಅಷ್ಟೇ ಪುಣ್ಯ. 24 ಗಂಟೆ ಎಚ್ಚರ ಇದ್ದವರ ಕೈ ಕಣ್ಣಿನ ಹಿಡಿತ, ರಕ್ತದಲ್ಲಿ ಶೇಕಡಾ 0.10 ಆಲ್ಕೋಹಾಲ್ ಇದ್ದವರ ಹಾಗೆ ಆಗುತ್ತದೆ ಅಂತ ನಾವೇ ಓದಿದ್ದೇವೆ. ಗಾಡಿ ಓಡಿಸಲು ನಮ್ಮ ಕಾನೂನಿನ ಮಿತಿ 0.03. ಅಂದರೆ ಮೂರು ಪಟ್ಟು ಕುಡಿದು ಓಡಿಸಿದ ಹಾಗೆ! ಮತ್ತೆ ನೈಟ್ ಮುಗಿಸಿ ಗಾಡಿ ಮುಟ್ಟಲಿಲ್ಲ, ಕಣ್ಣೂರು ಲೋಕಲ್ ಹಿಡಿದೆ. ಮಂಜೇಶ್ವರದಲ್ಲಿ ಇಳಿಯಬೇಕಾದವಳು ಎರಡು ಸಲ ಕುಂಬಳೆಯಲ್ಲಿ ಎದ್ದದ್ದು ಬೇರೆ ವಿಷಯ.

ಇನ್ನು ಕರುಣೆ. ಅದು ಒಳಗಿನಿಂದ ಉಕ್ಕಿ ಬರಲಿ ಅಂತ ಕಾಯಬೇಡ. ಕೆಲವು ದಿನ ಬರುವುದೇ ಇಲ್ಲ. ಆ ದಿನಗಳಲ್ಲಿ ನಾನು ಸುಮ್ನೆ ಸ್ಟೂಲ್ ಎಳೆದು ಕೂರುತ್ತಿದ್ದೆ. ನಿಂತು ಮಾತಾಡಿದರೂ ಕೂತು ಮಾತಾಡಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದರೆ ಕೂತರೆ ಅವರು ಹೇಳುವುದು ಬೇರೆ. ಒಬ್ಬರು ಅಜ್ಜಿಗೆ ಎಷ್ಟು ಮದ್ದು ಕೊಟ್ಟರೂ ಪ್ರೆಶರ್ ಇಳಿಯುತ್ತಿರಲಿಲ್ಲ. ಮೂರು ದಿನ ಎಲ್ಲರೂ ಮಲಯಾಳದಲ್ಲಿ ಕೇಳಿದ್ದೇ ಕೇಳಿದ್ದು, ಅಜ್ಜಿ ತಲೆ ಆಡಿಸಿದ್ದೇ ಆಡಿಸಿದ್ದು. ನಾಲ್ಕನೇ ದಿನ ನಾನು ಕೂತು "ಒಲ್ಪ ಬೇನೆ ಅಜ್ಜಿ" ಅಂದೆ, ಎಲ್ಲಿ ನೋವು ಅಂತ. ತುಳು ಕೇಳಿದ್ದೇ ತಡ, ಸೆರಗಿನ ಗಂಟು ಬಿಚ್ಚಿದರು. ಒಳಗೆ ಅರ್ಧ ಅರ್ಧ ತುಂಡು ಮಾಡಿದ ಮಾತ್ರೆಗಳು. ತಿಂಗಳ ಕೊನೆಯವರೆಗೆ ಬರಲಿ ಅಂತ ಮನೆಯಲ್ಲಿ ಅರ್ಧವೇ ನುಂಗುತ್ತಿದ್ದರಂತೆ, ಇಲ್ಲಿಯೂ ಅದೇ ಅಭ್ಯಾಸ. ನಮ್ಮ ಕಾಸರಗೋಡು ಸಪ್ತಭಾಷೆಯ ನೆಲ ಅಂತ ವೇದಿಕೆಯಲ್ಲಿ ಹೇಳ್ತಾರಲ್ವಾ, ಅದು ನಿಜವಾಗಿ ಬೇಕಾಗುವುದು ವಾರ್ಡಿನಲ್ಲಿ. ಬ್ಯಾರಿ, ಮಲಯಾಳ, ಕೊಂಕಣಿ, ಮರಾಟಿ ಒಂದೊಂದರಲ್ಲಿ ಹತ್ತು ವಾಕ್ಯ ಕಲಿತರೂ ಸಾಕು.

ದೊಡ್ಡ ಉದಾಹರಣೆ ಬೇಕಿದ್ದರೆ ನಿನ್ನ ಮನೆಯಿಂದ ದೂರವಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಸಾಮಾನ್ಯ ಕ್ಲಿನಿಕ್ಕಿನಲ್ಲಿ ಕೂತು, ಒಂದೇ ಊರಿನ ಇಷ್ಟು ಮನೆಗಳಲ್ಲಿ ಯಾಕೆ ಇಂಥ ಕಾಯಿಲೆ ಅಂತ ಕೇಳುತ್ತಾ ಹೋದರು, ಬರೆದರು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ ಅದು. ದೊಡ್ಡ ಯಂತ್ರ ಯಾವುದೂ ಇರಲಿಲ್ಲ. ಬಂದವರನ್ನು ಹೆಸರು, ಮನೆ ಸಮೇತ ನೆನಪಿಡುತ್ತಿದ್ದರು.

ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಬಂದಾಗ ಪಂಚಾಯತಿನ ಪಾಲಿಯೇಟಿವ್ ಜೀಪು (ಹಾಸಿಗೆ ಹಿಡಿದವರ ನೋವು ಕಡಿಮೆ ಮಾಡಲು ಮನೆಗೆ ಹೋಗುವ ಗಾಡಿ) ತಪ್ಪಿಸಬೇಡ. ಕೇರಳ 2008ರಲ್ಲೇ ಇದಕ್ಕೆ ನೀತಿ ಮಾಡಿದೆ, ನರ್ಸು ಮನೆಮನೆಗೆ ಹೋಗ್ತಾರೆ. ಅಡಕೆ ತೋಟ ಇಳಿದು, ಸಂಕ (ಕಾಲುಸೇತುವೆ) ದಾಟಿ, ಬೆನ್ನು ಹುಣ್ಣಿನ ಡ್ರೆಸ್ಸಿಂಗ್ ಮಾಡಿ ಬರುವುದು. ಹಾಸ್ಟೆಲಿನಲ್ಲಿ ಅದನ್ನು ಪಿಕ್‌ನಿಕ್ ಪೋಸ್ಟಿಂಗ್ ಅಂತಾರೆ. ನಾನು ಮತ್ತೆ ಮನುಷ್ಯಳಾದದ್ದು ಅಲ್ಲಿ.

ಉಪ್ಪಳದ ನರ್ಸಮ್ಮ, ಈಗ ರಿಟೈರ್ಡ್:

ಮಗಳೇ, ನಾನು ಎಷ್ಟೋ ಬ್ಯಾಚಿನ ಹೌಸ್ ಸರ್ಜನ್ನರನ್ನು ನೋಡಿದ್ದೇನೆ. ಎಲ್ಲರೂ ಒಂದಲ್ಲ ಒಂದು ದಿನ ಬೆಡ್‌ಶೀಟ್ ಇಡುವ ರೂಮಿನಲ್ಲಿ ಅತ್ತಿದ್ದಾರೆ. ಎರಡೇ ಮಾತು ಹೇಳ್ತೇನೆ.

ಕ್ಯಾನುಲಾ (ಡ್ರಿಪ್ ಹಾಕಲು ನರಕ್ಕೆ ಚುಚ್ಚುವ ಸಣ್ಣ ಕೊಳವೆ) ಎರಡು ಸಲ ತಪ್ಪಿದರೆ ಮೂರನೇ ಸಲ ಚುಚ್ಚಬೇಡ, ಸಿಸ್ಟರನ್ನು ಕರೆ. ನಿನ್ನ ಮರ್ಯಾದೆ ಹೋಗುವುದಿಲ್ಲ, ರೋಗಿಯ ಕೈ ಉಳಿಯುತ್ತದೆ.

ಇನ್ನೊಂದು, ಸೂಜಿ. ಒಬ್ಬ ಹುಡುಗ ಬೆರಳಿಗೆ ಚುಚ್ಚಿಸಿಕೊಂಡು, ಚೀಫ್ ಬೈತಾರೆ ಅಂತ ಎರಡು ದಿನ ಮುಚ್ಚಿಟ್ಟ. ಊಟ ಬಿಟ್ಟ, ಮಾತು ಬಿಟ್ಟ. ನಾವೇ ಹಿಡಿದು ಕೇಳಿದ ಮೇಲೆ ಬಾಯಿ ಬಿಟ್ಟ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯ ಒಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ನುಂಗಬೇಕು. ಇದು ನಿಮ್ಮ ಪುಸ್ತಕದಲ್ಲೇ ಇದೆ. ಆದರೂ ಅಡಗಿಸುವವರು ಡಾಕ್ಟರುಗಳೇ ಜಾಸ್ತಿ. ಹೆಪಟೈಟಿಸ್ ಬಿ ಮೂರೂ ಡೋಸ್ ಆಗಿದೆಯಾ ನಿನಗೆ? ಇವತ್ತೇ ನೋಡು.

ಮತ್ತೆ ರಾತ್ರಿ ಎರಡಕ್ಕೆ ಸಿಸ್ಟರುಗಳು ಚಾಯ ಮಾಡ್ತಾರೆ. ಕರೆಯಲಿ ಅಂತ ಕಾಯಬೇಡ. ಹೋಗಿ ಕೇಳು.

ಸರ್ಜರಿ ಪಿಜಿ, ಹೊಸಂಗಡಿ:

ಚಿಕ್ಕಿ, ಸ್ಟೂಲು, ಚಾಯ ಎಲ್ಲ ಸರಿ ಅಕ್ಕ. ಆದರೆ ಡ್ಯೂಟಿ ಪಟ್ಟಿಯೇ ಅನ್ಯಾಯ ಆಗಿದ್ದರೆ? ಆಗ ಚಿಕ್ಕಿ ತಿಂದು ತಡೆದುಕೋ ಅನ್ನುವುದು ನನಗೆ ಸರಿ ಕಾಣುವುದಿಲ್ಲ. 1992ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ, ರೆಸಿಡೆಂಟುಗಳ (ಆಸ್ಪತ್ರೆಯಲ್ಲಿ ತರಬೇತಿಯಲ್ಲಿರುವ ಡಾಕ್ಟರುಗಳ) ಸತತ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಅಂತ ಹೇಳಿತ್ತು. 2023ರ ಪಿಜಿ ನಿಯಮದಲ್ಲಿ ವಾರದ ರಜೆ, ವರ್ಷಕ್ಕೆ 20 ದಿನ ಸಂಬಳ ಸಹಿತ ರಜೆ ಉಂಟು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು ಅಂದಿತು. ನಮ್ಮ ಯೂನಿಟ್ಟಿನಲ್ಲಿ ಬುಧವಾರವೇ 74 ಮುಗಿಯುತ್ತಿತ್ತು, ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಿದರೆ.

ನಾವು ದೂರು ಕೊಡಲಿಲ್ಲ. ಒಂದು ತಿಂಗಳು ಎಂಟೂ ಜನ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಒಂದೇ ನೋಟ್‌ಬುಕ್ಕಿನಲ್ಲಿ ಬರೆದೆವು. ಅದನ್ನು ಚೀಫ್ ಮೇಜಿನ ಮೇಲಿಟ್ಟೆವು. ಅವರು ಪುಟ ತಿರುಗಿಸಿ, "ನಾವು ಇದಕ್ಕಿಂತ ಜಾಸ್ತಿ ಮಾಡಿದ್ದೇವೆ" ಅಂದರು. ಮುಂದಿನ ತಿಂಗಳಿಂದ ನೈಟ್ ಮಾಡಿದವರಿಗೆ ಬೆಳಗ್ಗೆ ರೌಂಡ್ಸ್ ಆದ ಮೇಲೆ ಆಫ್ ಸಿಕ್ಕಿತು. ಒಬ್ಬರೇ ಹೋಗಿದ್ದರೆ ಸಿಗುತ್ತಿರಲಿಲ್ಲ.

ಹೆದರಿಕೆಯ ವಿಷಯವೂ ಹೇಳಬೇಕು. 2023ರ ಮೇ 10ರಂದು ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಡಾ. ವಂದನಾ ದಾಸ್ ಅವರನ್ನು, ಪೊಲೀಸರು ಚಿಕಿತ್ಸೆಗೆ ಕರೆತಂದವನೇ ಕೊಂದ. ಅದಾದ ಮೇಲೆ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಕುಡಿದು ಬಂದವರ ಹತ್ತಿರ ಹೋಗುವಾಗ ನನ್ನ ಕಣ್ಣು ಮೊದಲು ಅವರ ಕೈ ನೋಡುತ್ತದೆ. ಇದಕ್ಕೆ ನಾಚಿಕೆ ಪಡುವುದನ್ನು ಬಿಟ್ಟಿದ್ದೇನೆ. ಒಬ್ಬರೇ ಹೋಗಬೇಡ. ಟ್ರೇ, ಕತ್ತರಿ ಅವರ ಕೈಗೆಟಕುವಲ್ಲಿ ಇಡಬೇಡ.

ಕೊನೆಗೆ, ನಾನು ಯಾರಿಗೂ ಹೇಳದ್ದು. ಮೊದಲ ವರ್ಷ "ನಾಳೆ ಎಚ್ಚರವೇ ಆಗದಿದ್ದರೆ ಒಳ್ಳೆಯದು" ಅಂತ ದಿನಾ ಅನಿಸುತ್ತಿತ್ತು. ಹಾಸ್ಟೆಲ್ ತಾರಸಿಯಿಂದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಿದೆ. ಕೇರಳದವರಿಗೆ ದಿಶಾ ಸಹಾಯವಾಣಿ 1056 ಕೂಡ ಉಂಟು. ಆಮೇಲೆ ಬೇರೆ ಊರಿನ ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ ಎಂಟು ತಿಂಗಳು ಮಾತ್ರೆ ತಗೊಂಡೆ. ಆಪರೇಷನ್ ಮಾಡುವ ಕೈ ಏನೂ ನಡುಗಲಿಲ್ಲ. ನಿನಗೂ ಹಾಗೆ ಅನಿಸಿದರೆ ಇಲ್ಲಿ ಉತ್ತರಕ್ಕೆ ಕಾಯಬೇಡ, ಅವತ್ತೇ ಫೋನ್ ಮಾಡು.

ಕುಂಬಳೆ ಕಡೆಯ ಟೀಚರ್:

ನಾನು ಡಾಕ್ಟರ್ ಅಲ್ಲ. ಅಪ್ಪನ ಜೊತೆ ಹದಿನೇಳು ದಿನ ವಾರ್ಡಿನಲ್ಲಿ ಇದ್ದವಳು. ದೊಡ್ಡ ಡಾಕ್ಟರ ಮುಖ ಮರೆತಿದೆ. ಒಬ್ಬ ಹೌಸ್ ಸರ್ಜನ್ ಹುಡುಗ ಮಾತ್ರ ನೆನಪಿದ್ದಾನೆ. ದಿನಾ ಅಪ್ಪನಿಗೆ "ವನಸ್ ಆಂಡಾ ಮೇಷ್ಟ್ರೇ" ಅಂತ ಕೇಳುತ್ತಿದ್ದ, ಊಟ ಆಯ್ತಾ ಅಂತ. ಒಂದು ರಾತ್ರಿ ನನ್ನ ಅಮ್ಮನಿಗೆ ಸಿಟ್ಟಿನಲ್ಲಿ ಏನೋ ಅಂದುಬಿಟ್ಟ. ಬೆಳಗ್ಗೆ ಎಂಟಕ್ಕೆ ಬಂದು "ನಿನ್ನೆ ತಪ್ಪಾಯ್ತಮ್ಮ" ಅಂದ. ಅಮ್ಮ ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ) ಕಟ್ಟಿಕೊಟ್ಟರು. ಬೇಡ ಬೇಡ ಅಂದವನು ಕಾರಿಡಾರಿನ ಕಂಬಕ್ಕೆ ಒರಗಿ ನಿಂತಲ್ಲೇ ಮೂರು ತಿಂದ. ಡಾಕ್ಟ್ರೇ, ಯಾರಾದರೂ ತಿನ್ನಲು ಕೊಟ್ಟರೆ ತಿನ್ನಿ.

ಕೇಳಿದವಳು, ಎರಡು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಹೆಪಟೈಟಿಸ್ ಮೂರನೇ ಡೋಸ್ ಬಾಕಿ ಇತ್ತು, ಹಾಕಿಸಿಕೊಂಡೆ. ನಿನ್ನೆ ರಾತ್ರಿ ಸಿಸ್ಟರ್ ಹತ್ತಿರ ಚಾಯ ಕೇಳಿದೆ. ಸಕ್ಕರೆ ಜಾಸ್ತಿ ಇತ್ತು, ಕುಡಿದೆ. ಒಂದು ಪ್ರಶ್ನೆ ಉಳಿದಿದೆ. ಆ ಅಜ್ಜನ ಮಗಳು ನಾಳೆ ಆಸ್ಪತ್ರೆಯ ಕಾಗದಪತ್ರಕ್ಕೆ ಬರ್ತಾರೆ. ನಾನು ಏನು ಹೇಳಲಿ?

ಮಂಜೇಶ್ವರದ ಡಾಕ್ಟರಮ್ಮ:

ಮೊದಲು ಕೂರಿಸು. ಅಜ್ಜ ನಿನ್ನ ಹತ್ತಿರ ಏನಾದರೂ ಮಾತಾಡಿದ್ದು ನೆನಪಿದ್ದರೆ ಅದನ್ನು ಹೇಳು.

ಕೇಳಿದವಳು:

ನೆನಪುಂಟು ಅಕ್ಕ. ಸೂಜಿ ಚುಚ್ಚುವಾಗೆಲ್ಲ ಕಿಟಕಿ ಕಡೆ ನೋಡಿ, "ಮಳೆ ಬರ್ತದೆ, ಅಂಗಳದ ಅಡಕೆ ಒಳಗೆ ತಂದ್ರಾ" ಅಂತ ಕೇಳ್ತಿದ್ರು.